ಟೈಕೊ ಕುಳಿಯ ನಡುವೆ ಬೆಟ್ಟ ಹೇಗೆ ಬಂತು?

ಓದುಗರ ಪ್ರಶ್ನೆ: ಹುಣ್ಣಿಮೆಯ ರಾತ್ರಿ ಬೈನಾಕ್ಯುಲರ್‌ನಲ್ಲಿ ನೋಡಿದಾಗ ಚಂದ್ರನ ದಕ್ಷಿಣ ಭಾಗದಲ್ಲಿ ಒಂದು ಬಿಳಿ ಚುಕ್ಕೆಯೂ ಅದರಿಂದ ಸುತ್ತಲೂ ಹರಡಿದ ಉದ್ದನೆಯ ಬಿಳಿ ಗೆರೆಗಳೂ ಕಾಣುತ್ತವೆ. ಅದು ಟೈಕೊ ಎಂಬ ಕುಳಿ ಎಂದು ತಿಳಿದುಕೊಂಡೆ. ಅರ್ಧಚಂದ್ರನಾದ ಮರುದಿನ ಸಣ್ಣ ದೂರದರ್ಶಕದಲ್ಲಿ ಅದೇ ಜಾಗವನ್ನು ಹುಡುಕಿದರೆ ಗೆರೆಗಳ ಸುಳಿವೇ ಇಲ್ಲ. ಕತ್ತಲು ತುಂಬಿದ ಒಂದು ಗುಂಡಿ, ಅದರ ನಟ್ಟನಡುವೆ ಹೊಳೆಯುವ ಒಂದು ಬಿಂದು. ಆ ಬಿಂದು ಒಂದು ಬೆಟ್ಟವಂತೆ. ಕಲ್ಲು ಬಿದ್ದ ಜಾಗದಲ್ಲಿ ಹಳ್ಳವಾಗುವುದು ಸರಿ, ಬೆಟ್ಟ ಹೇಗೆ ಹುಟ್ಟಿತು? ಗೆರೆಗಳು ಯಾವುವು, ಅವು ಏಕೆ ಮಾಯವಾಗುತ್ತವೆ? ಕುಳಿಯ ಒಳಗೆ ನಿಜವಾಗಿ ಏನೇನಿದೆ?

ಉತ್ತರ: ನೀವು ಎರಡು ರಾತ್ರಿ ಕಂಡದ್ದೂ ಸರಿಯಾಗಿಯೇ ಇದೆ, ಮತ್ತು ನಿಮ್ಮ ಮೂರೂ ಪ್ರಶ್ನೆಗಳ ಬೇರು ಒಂದೇ ಕಡೆ ಇದೆ. ಕುಳಿ ಎಂಬ ಮಾತು ನಮ್ಮ ಮನಸ್ಸಿನಲ್ಲಿ ಗುದ್ದಲಿಯಿಂದ ಅಗೆದ ಗುಂಡಿಯ ಚಿತ್ರವನ್ನು ತರುತ್ತದೆ. ಟೈಕೊದಂಥ ದೊಡ್ಡ ಕುಳಿಯನ್ನು ಆ ಚಿತ್ರವಿಟ್ಟುಕೊಂಡು ಅರ್ಥಮಾಡಿಕೊಳ್ಳಲು ಸಾಧ್ಯವೇ ಇಲ್ಲ. ಕೆಲವು ನಿಮಿಷಗಳ ಕಾಲ ಬಂಡೆಯೇ ದ್ರವದಂತೆ ಹರಿದು, ಎದ್ದು, ಕುಸಿದು, ಹಾಗೆಯೇ ನಿಂತುಬಿಟ್ಟ ಒಂದು ಚಲನೆಯೆಂದು ಅದನ್ನು ಕಲ್ಪಿಸಿಕೊಂಡರೆ ಗೋಡೆ, ಮೆಟ್ಟಿಲು, ತಳ, ನಡುಬೆಟ್ಟ, ಗೆರೆ ಎಲ್ಲವೂ ಆ ಚಲನೆಯ ಒಂದೊಂದು ಹಂತವಾಗಿ ತಮ್ಮ ಜಾಗದಲ್ಲಿ ಕೂರುತ್ತವೆ.

ಮೊದಲು ಅಳತೆಗಳನ್ನು ನೋಡೋಣ. ಟೈಕೊ ಚಂದ್ರನ ದಕ್ಷಿಣದ ಎತ್ತರನಾಡಿನಲ್ಲಿ, ಸುಮಾರು 43 ಡಿಗ್ರಿ ದಕ್ಷಿಣ ಅಕ್ಷಾಂಶ ಮತ್ತು 11 ಡಿಗ್ರಿ ಪಶ್ಚಿಮ ರೇಖಾಂಶದಲ್ಲಿದೆ. ಅದರ ವ್ಯಾಸ ಸುಮಾರು 85 ಕಿ.ಮೀ.; ಅಂಚಿನಿಂದ ತಳಕ್ಕೆ ಇರುವ ಆಳ ಸುಮಾರು 4.7 ಕಿ.ಮೀ.; ತಳದಿಂದ ನಡುಬೆಟ್ಟದ ತುದಿಗೆ ಸುಮಾರು 2 ಕಿ.ಮೀ. ದೂರದರ್ಶಕದಲ್ಲಿ ಕಡುನೆರಳು ತುಂಬಿರುವಾಗ ಅದು ಪಾತಾಳದಂತೆ ಕಂಡರೂ ಈ ಅಂಕಿಗಳ ಪ್ರಮಾಣವನ್ನು ಗಮನಿಸಿ: ಅಗಲ ಆಳದ ಹದಿನೆಂಟು ಪಟ್ಟು. ಅಂದರೆ 36 ಸೆಂಟಿಮೀಟರ್ ಅಗಲದ ತಟ್ಟೆಯೊಂದರ ಅಂಚು 2 ಸೆಂಟಿಮೀಟರ್ ಎತ್ತರವಿದ್ದು, ಅದರ ನಡುವೆ ಒಂದು ಸೆಂಟಿಮೀಟರಿಗೂ ಕಡಿಮೆ ಎತ್ತರದ ಉಬ್ಬು ಇದ್ದಂತೆ. ಬೋಗುಣಿಯೆನ್ನುವುದಕ್ಕಿಂತ ತಟ್ಟೆಯೆನ್ನುವುದೇ ಟೈಕೊಗೆ ಹೊಂದುವ ಮಾತು. ನಡುಬೆಟ್ಟದ ತುದಿ ಕೂಡ ಅಂಚಿನ ಮಟ್ಟಕ್ಕಿಂತ ಎರಡೂವರೆ ಕಿ.ಮೀ.ಗೂ ಹೆಚ್ಚು ಕೆಳಗಿದೆ ಎಂಬುದನ್ನೂ ನೆನಪಿಡಬೇಕು; ಆ ಬೆಟ್ಟ ಹೊರಗಿನ ಬಯಲಿಗೆ ಇಣುಕಿ ನೋಡುವಷ್ಟು ಎತ್ತರದ್ದಲ್ಲ.

ಆ ತಳದ ಮೇಲೆ, ನಡುವಿಗೆ ಹತ್ತಿರ, ಒಬ್ಬ ಗಗನಯಾತ್ರಿ ನಿಂತರೆ ಸುತ್ತಲಿನ ಗೋಡೆ ತಲೆಯ ಮೇಲೆ ಬಾಗಿದಂತೆ ಕಾಣಬಹುದೆಂದು ಅನಿಸುವುದು ಸಹಜ. ಆದರೆ ಗೋಡೆ ನಲವತ್ತು ಕಿ.ಮೀ.ಗೂ ದೂರದಲ್ಲಿರುವುದರಿಂದ, ಚಂದ್ರನ ನೆಲದ ಬಾಗನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ, ಅದು ದಿಗಂತದಿಂದ ಆರು ಡಿಗ್ರಿಗಿಂತ ಕಡಿಮೆ ಎತ್ತರದ ಒಂದು ಬೆಟ್ಟಸಾಲಿನಂತೆ ಮಾತ್ರ ಕಂಡೀತು. ಟೈಕೊದ ದಕ್ಷಿಣಕ್ಕಿರುವ, 225 ಕಿ.ಮೀ.ಗೂ ಹೆಚ್ಚು ಅಗಲದ ಕ್ಲೇವಿಯಸ್ ಕುಳಿಯ ನಡುವೆ ನಿಂತರೆ ಪರಿಸ್ಥಿತಿ ಇನ್ನೂ ವಿಚಿತ್ರವಾಗಿರುತ್ತದೆ: ಅಲ್ಲಿ ನೆಲದ ಬಾಗು ಒಂದರಿಂದಲೇ ಗೋಡೆಯ ಬುಡ ಮೂರೂವರೆ ಕಿ.ಮೀ.ಗಿಂತ ಹೆಚ್ಚು ಕೆಳಗೆ ಇಳಿದುಹೋಗಿರುವುದರಿಂದ ಗೋಡೆಯ ಬಹುಭಾಗ ದಿಗಂತದ ಮರೆಯಲ್ಲಿರುತ್ತದೆ, ತಾನು ಕುಳಿಯೊಳಗೆ ಇದ್ದೇನೆಂಬುದೇ ನಿಂತವನಿಗೆ ತಿಳಿಯಲಾರದು.

ಇನ್ನು ಹುಟ್ಟಿನ ವಿಷಯ. ಚಂದ್ರನ ಕುಳಿಗಳು ಜ್ವಾಲಾಮುಖಿಯ ಬಾಯಿಗಳೋ ಅಪ್ಪಳಿಕೆಯ ಗುರುತುಗಳೋ ಎಂಬ ವಾದ ಮುನ್ನೂರು ವರ್ಷ ನಡೆಯಿತು. 1665ರಲ್ಲಿ ರಾಬರ್ಟ್ ಹುಕ್ ಒದ್ದೆ ಜೇಡಿಮಣ್ಣಿನ ಮೇಲೆ ಗುಂಡುಗಳನ್ನು ಬೀಳಿಸಿ ಚಂದ್ರಕುಳಿಯನ್ನು ಹೋಲುವ ಗುರುತುಗಳನ್ನು ಪಡೆದನು. ಆದರೆ ಆಕಾಶದಿಂದ ಬೀಳಲು ಅಂಥ ಕಲ್ಲುಗಳು ಎಲ್ಲಿವೆ ಎಂದು ತಾನೇ ಪ್ರಶ್ನಿಸಿಕೊಂಡು ಆ ವಿವರಣೆಯನ್ನು ಕೈಬಿಟ್ಟನು. ಆಗ ಒಂದೇ ಒಂದು ಕ್ಷುದ್ರಗ್ರಹವೂ ಪತ್ತೆಯಾಗಿರಲಿಲ್ಲವಾದ್ದರಿಂದ ಅವನನ್ನು ದೂರುವಂತಿಲ್ಲ. 1893ರಲ್ಲಿ ಅಮೆರಿಕದ ಭೂವಿಜ್ಞಾನಿ ಗ್ರೋವ್ ಕಾರ್ಲ್ ಗಿಲ್ಬರ್ಟ್ ಅಪ್ಪಳಿಕೆಯ ಪರವಾಗಿ ಗಟ್ಟಿಯಾಗಿ ವಾದಿಸಿದರೂ ಒಂದು ತೊಡಕು ಅವರನ್ನು ಕಾಡಿತು: ಕಲ್ಲುಗಳು ಎಲ್ಲ ಕೋನಗಳಿಂದಲೂ ಬೀಳುತ್ತವೆ, ಓರೆಯಾಗಿ ಬಿದ್ದವು ಉದ್ದುದ್ದದ ಗುರುತು ಬಿಡಬೇಕು, ಹಾಗಿದ್ದರೂ ಚಂದ್ರನ ಕುಳಿಗಳೆಲ್ಲ ದುಂಡಗಿವೆ.

ಆ ತೊಡಕಿಗೆ ಉತ್ತರ ವೇಗದಲ್ಲಿದೆ. ಕ್ಷುದ್ರಗ್ರಹವೊಂದು ಚಂದ್ರನಿಗೆ ಅಪ್ಪಳಿಸುವ ವೇಗ ಸಾಮಾನ್ಯವಾಗಿ ಸೆಕೆಂಡಿಗೆ ಹದಿನೈದು ಇಪ್ಪತ್ತು ಕಿ.ಮೀ.ಗಳ ಮಟ್ಟದ್ದು. ಈ ವೇಗದಲ್ಲಿ ಕಲ್ಲು ನೆಲವನ್ನು ತೋಡುತ್ತ ಸಾಗುವುದಿಲ್ಲ. ತನ್ನ ವ್ಯಾಸದ ಒಂದೆರಡು ಪಟ್ಟು ಒಳಹೋಗುವಷ್ಟರಲ್ಲಿ ಅದರ ಚಲನಶಕ್ತಿಯೆಲ್ಲ ಆಘಾತ ತರಂಗವಾಗಿಯೂ ಶಾಖವಾಗಿಯೂ ಮಾರ್ಪಟ್ಟು, ಒಂದು ಬಿಂದುವಿನಲ್ಲಿ ನಡೆದ ಸ್ಫೋಟದಂತೆ ಎಲ್ಲ ದಿಕ್ಕಿಗೂ ಹರಡುತ್ತದೆ. ಕುಳಿಯನ್ನು ಮಾಡುವುದು ಕಲ್ಲಿಗಿಂತ ಹೆಚ್ಚಾಗಿ ಈ ತರಂಗ. ಅದಕ್ಕೇ ಕಲ್ಲು ನೆಲಕ್ಕೆ ಬಹುತೇಕ ಸಮಾಂತರವಾಗಿ, ಸುಮಾರು ಹದಿನೈದು ಡಿಗ್ರಿಗಿಂತ ಕಡಿಮೆ ಕೋನದಲ್ಲಿ ಬಂದಾಗ ಮಾತ್ರ ಕುಳಿ ಉದ್ದವಾಗುತ್ತದೆ, ಉಳಿದಂತೆ ದುಂಡಗೇ ಇರುತ್ತದೆ. ಕಲ್ಲಿಗೂ ಕುಳಿಗೂ ಇರುವ ಗಾತ್ರದ ಅಂತರವೂ ಇದರಿಂದಲೇ ಅರ್ಥವಾಗುತ್ತದೆ, 85 ಕಿ.ಮೀ. ಅಗಲದ ಟೈಕೊವನ್ನು ಮಾಡಲು ಕೆಲವೇ ಕಿ.ಮೀ. ಗಾತ್ರದ ಕ್ಷುದ್ರಗ್ರಹ ಸಾಕಾಯಿತು.

ಇಲ್ಲಿಂದ ಬೆಟ್ಟದ ಪ್ರಶ್ನೆಗೆ ಬರಬಹುದು, ಆದರೆ ಮೊದಲು ಬೆಟ್ಟವಿಲ್ಲದ ಕುಳಿಯೊಂದನ್ನು ನೋಡುವುದು ಒಳ್ಳೆಯದು. ಚಂದ್ರನ ಪ್ರಶಾಂತಿಯ ಸಮುದ್ರ (ಮಾರೆ ಸೆರೆನಿಟಾಟಿಸ್) ಎಂಬ ಕಪ್ಪು ಲಾವಾ ಬಯಲಿನಲ್ಲಿ ವಿಕ್ರಮ್ ಸಾರಾಭಾಯಿ ಅವರ ಹೆಸರಿನ ಕುಳಿಯೊಂದಿದೆ. ಅದರ ವ್ಯಾಸ ಎಂಟು ಕಿ.ಮೀ.ಗೆ ತುಸು ಕಡಿಮೆ. 2020ರಲ್ಲಿ ಚಂದ್ರಯಾನ-2 ಕಕ್ಷೆಯಿಂದ ತೆಗೆದ ಚಿತ್ರಗಳ ಪ್ರಕಾರ ಆಳ ಸುಮಾರು 1.7 ಕಿ.ಮೀ., ಒಳಗೋಡೆಯ ಇಳಿಜಾರು 25ರಿಂದ 35 ಡಿಗ್ರಿ. ಇಲ್ಲಿ ಅಗಲ ಆಳದ ಐದು ಪಟ್ಟಿಗಿಂತ ಕಡಿಮೆ. ಇದು ನಿಜವಾದ ಬೋಗುಣಿ: ನುಣುಪಾದ ಗೋಡೆ, ಮೆಟ್ಟಿಲಿಲ್ಲ, ನಡುಬೆಟ್ಟವಿಲ್ಲ. ಚಂದ್ರನ ಸಣ್ಣ ಕುಳಿಗಳೆಲ್ಲ ಹೆಚ್ಚುಕಡಿಮೆ ಹೀಗೆಯೇ ಇರುತ್ತವೆ. ವ್ಯಾಸ ಹದಿನೈದರಿಂದ ಇಪ್ಪತ್ತು ಕಿ.ಮೀ. ದಾಟುತ್ತಿದ್ದಂತೆ ಬೋಗುಣಿಯ ರೂಪ ಮುರಿಯುತ್ತದೆ. ತಳ ಚಪ್ಪಟೆಯಾಗುತ್ತದೆ, ಗೋಡೆ ಮೆಟ್ಟಿಲಾಗುತ್ತದೆ, ನಡುವೆ ಬೆಟ್ಟ ಏಳುತ್ತದೆ. ಭೂಮಿಯಲ್ಲಿ ಇದೇ ಬದಲಾವಣೆ 2ರಿಂದ 4 ಕಿ.ಮೀ. ವ್ಯಾಸದಲ್ಲೇ ಆಗಿಬಿಡುತ್ತದೆ. ಭೂಮಿಯ ಗುರುತ್ವ ಚಂದ್ರನ ಆರು ಪಟ್ಟು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಬೋಗುಣಿಯನ್ನು ಮುರಿಯುವ ಕೈ ಯಾವುದೆಂಬುದು ಸ್ಪಷ್ಟ: ಗುರುತ್ವವೇ.

ಅಪ್ಪಳಿಕೆಯ ಮೊದಲ ನಿಮಿಷಗಳಲ್ಲಿ ಟೈಕೊ ಕೂಡ ಒಂದು ಬೋಗುಣಿಯಾಗಿತ್ತು, ಈಗಿನದಕ್ಕಿಂತ ಕಿರಿದಾದ, ಆದರೆ ಈಗಿನ ಆಳದ ಹಲವು ಪಟ್ಟು ಆಳವಾದ ಬೋಗುಣಿ. ಅಷ್ಟು ಆಳದ ಹಳ್ಳದ ಗೋಡೆಗಳನ್ನು ಹೊತ್ತು ನಿಲ್ಲುವ ಶಕ್ತಿ ಯಾವ ಬಂಡೆಗೂ ಇಲ್ಲ, ಅದರಲ್ಲೂ ಆಘಾತ ತರಂಗ ಆಗಷ್ಟೇ ಹಾದುಹೋಗಿ ನುಚ್ಚುನೂರಾಗಿ ನಡುಗುತ್ತಿರುವ ಬಂಡೆಗೆ. ಅಂಥ ಬಂಡೆ ಸ್ವಲ್ಪ ಹೊತ್ತು ತನ್ನ ಗಟ್ಟಿತನವನ್ನೇ ಮರೆತು ದಪ್ಪ ದ್ರವದಂತೆ ವರ್ತಿಸುತ್ತದೆ. ಆಗ ಎರಡು ಚಲನೆಗಳು ಬಹುತೇಕ ಒಟ್ಟಿಗೇ ನಡೆಯುತ್ತವೆ. ಅದುಮಲ್ಪಟ್ಟ ತಳ ಮೇಲಕ್ಕೆ ಪುಟಿಯುತ್ತದೆ, ಅಂಚು ಒಳಕ್ಕೆ ಕುಸಿದು ಬರುತ್ತದೆ. ಮೇಲೆದ್ದ ತಳ ಇಳಿಯುವ ಮುನ್ನವೇ ಬಂಡೆಗೆ ಗಟ್ಟಿತನ ಮರಳಿದರೆ ಅದು ಹಾಗೆಯೇ ಬೆಟ್ಟವಾಗಿ ನಿಲ್ಲುತ್ತದೆ. ನೀವು ಕಂಡ ಹೊಳೆಯುವ ಬಿಂದು ಹೀಗೆ ನಿಂತದ್ದು. ಭೂಮಿಯ ಬೆಟ್ಟಗಳು ಏಳಲು ಲಕ್ಷಾಂತರ ವರ್ಷ ಬೇಕು; ಈ ಎರಡು ಕಿ.ಮೀ. ಎತ್ತರದ ಬೆಟ್ಟ ಎದ್ದು ನಿಲ್ಲಲು ಬೇಕಾದದ್ದು ಕೆಲವೇ ನಿಮಿಷಗಳು.

ಇದನ್ನು ವಿವರಿಸಲು ನೀರಿಗೆ ಹನಿ ಬಿದ್ದಾಗ ನಡುವೆ ಚಿಮ್ಮುವ ಕಂಬದ ಉದಾಹರಣೆಯನ್ನು ಎಲ್ಲರೂ ಕೊಡುತ್ತಾರೆ. ಉದಾಹರಣೆ ಚೆನ್ನಾಗಿದೆ, ಆದರೆ ಅದು ಒಂದು ತಪ್ಪು ತಿಳಿವಳಿಕೆಯನ್ನೂ ಬಿತ್ತುತ್ತದೆ. ನಡುಬೆಟ್ಟ ಕರಗಿದ ಶಿಲೆ ಚಿಮ್ಮಿ ಹೆಪ್ಪುಗಟ್ಟಿದ್ದಲ್ಲ. ಅದು ಕರಗದೆ, ಒಡೆದುಹೋಗಿ, ಕಿ.ಮೀ.ಗಟ್ಟಲೆ ಆಳದಿಂದ ಇಡಿಯಾಗಿ ಮೇಲೆ ಬಂದ ಘನ ಬಂಡೆ. ಭೂವಿಜ್ಞಾನಿಗಳಿಗೆ ನಡುಬೆಟ್ಟಗಳ ಮೇಲೆ ಇಷ್ಟೊಂದು ಆಸಕ್ತಿ ಇರುವುದು ಇದೇ ಕಾರಣಕ್ಕೆ. ಬಾವಿ ತೋಡದೆಯೇ ಚಂದ್ರನ ಹೊಟ್ಟೆಯೊಳಗಿನ ಶಿಲೆ ಅಲ್ಲಿ ಹೊರಗೆ ಬಿಸಿಲಿಗೆ ಬಿದ್ದಿರುತ್ತದೆ. ಕೋಪರ್ನಿಕಸ್ ಕುಳಿಯ ನಡುಬೆಟ್ಟಗಳಿಂದ ಬರುವ ಬೆಳಕನ್ನು ಭೂಮಿಯಿಂದಲೇ ವಿಶ್ಲೇಷಿಸಿದಾಗ 1980ರ ದಶಕದ ಆರಂಭದಲ್ಲಿ ಅಲ್ಲಿ ಆಲಿವಿನ್ ಎಂಬ ಖನಿಜದ ಗುರುತು ಸಿಕ್ಕಿತು. ಟೈಕೊದ ಬೆಟ್ಟದಲ್ಲಿ ಪೈರಾಕ್ಸಿನ್ ಎಂಬ ಇನ್ನೊಂದು ಖನಿಜ ಹೆಚ್ಚಿರುವ ಶಿಲೆ ಕಾಣುತ್ತದೆ. ಇವೆರಡೂ ಎತ್ತರನಾಡಿನ ಮೇಲ್ಮೈಯಲ್ಲಿ ಹೇರಳವಾಗಿರುವ ಅನಾರ್ಥೋಸೈಟ್ ಎಂಬ ಬಿಳಿಯ ಶಿಲೆಗಿಂತ ಬೇರೆ.

ಬೆಟ್ಟ ಎಷ್ಟು ಬೇಗ ಎದ್ದಿತೆಂಬುದಕ್ಕೆ ಅದರ ತುದಿಯಲ್ಲೇ ಒಂದು ಸೊಗಸಾದ ಸಾಕ್ಷಿಯಿದೆ. ನಾಸಾದ ಲೂನಾರ್ ರಿಕನೈಸೆನ್ಸ್ ಆರ್ಬಿಟರ್ 2011ರ ಜೂನ್ 10ರಂದು ಟೈಕೊದ ಸೂರ್ಯೋದಯದ ವೇಳೆ ಬೆಟ್ಟವನ್ನು ಓರೆಯಾಗಿ ಚಿತ್ರಿಸಿತು. ತುದಿಯ ಮೇಲೆ ಸುಮಾರು 120 ಮೀಟರ್ ಅಗಲದ ಒಂದು ಹೆಬ್ಬಂಡೆ ಕೂತಿದೆ, ಅದರ ಸುತ್ತ ಒಮ್ಮೆ ಕರಗಿ ಮತ್ತೆ ಗಟ್ಟಿಯಾಗಿ ಬಿರುಕುಬಿಟ್ಟ ಶಿಲೆಯ ಹೊದಿಕೆಯಿದೆ. ತಳದಲ್ಲಿದ್ದ ಕರಗುಶಿಲೆ ಎರಡು ಕಿ.ಮೀ. ಹತ್ತಿ ತುದಿಗೆ ಬರಲಾರದು. ಅಪ್ಪಳಿಕೆಯಲ್ಲಿ ನೆಟ್ಟಗೆ ಮೇಲಕ್ಕೆ ಚಿಮ್ಮಿದ ಕರಗುಶಿಲೆ ಮರಳಿ ಬೀಳುವಷ್ಟರಲ್ಲಿ ಬೆಟ್ಟ ಅದನ್ನು ಹಿಡಿಯಲು ಅಲ್ಲಿ ಸಿದ್ಧವಾಗಿ ನಿಂತಿತ್ತು ಎನ್ನುವುದೇ ಇದಕ್ಕೆ ಒಪ್ಪುವ ವಿವರಣೆ. ಚಂದ್ರನ ಚಿತ್ರಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದೇ ಎಂದು ಹೇಳಿದರೆ ಅತಿಶಯೋಕ್ತಿಯಲ್ಲ.

ಗೋಡೆಯ ಮೆಟ್ಟಿಲುಗಳು ಅದೇ ಚಲನೆಯ ಇನ್ನೊಂದು ಅರ್ಧ. ಅಂಚಿನ ಬಂಡೆ ತುಂಡುತುಂಡಾಗಿ ಸೀಳಿ, ಪ್ರತಿ ತುಂಡೂ ಬಾಗಿದ ಒಂದು ಬಿರುಕಿನ ಮೇಲೆ ಜಾರಿ ಕೆಳಗಿಳಿದು ನಿಂತಾಗ ಒಂದರ ಕೆಳಗೊಂದು ಮೆಟ್ಟಿಲಾಗುತ್ತದೆ. ಈ ಕುಸಿತದಿಂದಲೇ ಕುಳಿ ಅಗಲವಾಯಿತು, ಮತ್ತು ಕುಸಿದದ್ದೆಲ್ಲ ತಳಕ್ಕೆ ಸೇರಿದ್ದರಿಂದ ಆಳ ಕಡಿಮೆಯಾಯಿತು. ಬೋಗುಣಿ ತಟ್ಟೆಯಾದದ್ದು ಹೀಗೆ. ಟೈಕೊದ ಅಂಚು ದೂರದಿಂದ ದುಂಡಗೆ ಕಂಡರೂ ಹತ್ತಿರದ ಚಿತ್ರಗಳಲ್ಲಿ ಅದು ನೇರ ತುಂಡುಗಳಿಂದ ಮಾಡಿದ ಬಹುಭುಜದಂತಿದೆ, ಏಕೆಂದರೆ ತುಂಡುಗಳು ಒಡೆದದ್ದು ಸಮವಾಗಿ ಅಲ್ಲ.

ತಳ ದೂರದರ್ಶಕದಲ್ಲಿ ಚಪ್ಪಟೆಯಾಗಿ ಕಾಣುತ್ತದೆ, ನಿಜದಲ್ಲಿ ಅದು ಬಹಳ ಒರಟು. ಅಪ್ಪಳಿಕೆಯ ಶಾಖಕ್ಕೆ ಕರಗಿದ ಅಪಾರ ಶಿಲೆ ಅಲ್ಲಿ ಕೆರೆಯಂತೆ ನಿಂತು, ಕುಸಿದ ಬಂಡೆಗಳ ಗುಡ್ಡೆಗಳನ್ನು ಅರೆಬರೆ ಮುಳುಗಿಸಿ, ತಣಿಯುತ್ತ ಕುಗ್ಗುತ್ತ ಬಿರುಕುಬಿಟ್ಟಿತು. ಇದನ್ನು ಲಾವಾ ಎಂದು ಕರೆಯುವುದು ತಪ್ಪು. ಲಾವಾ ಒಳಗಿನ ಶಾಖದಿಂದ ಕರಗಿ ಮೇಲೆ ಬರುವಂಥದ್ದು. ಇದು ಹೊರಗಿನಿಂದ ಬಿದ್ದ ಪೆಟ್ಟಿಗೆ ಇದ್ದಲ್ಲೇ ಕರಗಿದ್ದು. ಆದರೆ ಹರಿದ ರೀತಿಯಲ್ಲಿ ವ್ಯತ್ಯಾಸವಿಲ್ಲ. ಮೆಟ್ಟಿಲುಗಳ ಮೇಲೆ ಸಣ್ಣ ಸಣ್ಣ ಕೊಳಗಳಾಗಿ ನಿಂತದ್ದು, ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ತೊರೆಯಾಗಿ ಇಳಿದದ್ದು, ಅಂಚನ್ನು ದಾಟಿ ಹೊರಗೆ ಬಿದ್ದು ಅಲ್ಲಿಯೂ ಹರಿದದ್ದು ಎಲ್ಲವೂ ಕಕ್ಷೆಯಿಂದ ತೆಗೆದ ಚಿತ್ರಗಳಲ್ಲಿ ಈಗಲೂ ನಿಚ್ಚಳವಾಗಿವೆ. ಹುಣ್ಣಿಮೆಯಂದು ಗಮನವಿಟ್ಟು ನೋಡಿದರೆ ಟೈಕೊದ ಬಿಳಿ ಚುಕ್ಕೆಯ ಸುತ್ತ ಒಂದು ಕಪ್ಪು ಬಳೆ ಕಾಣುತ್ತದೆ, ಅದರ ಆಚೆಗೆ ಬಿಳಿ ಗೆರೆಗಳು ಶುರುವಾಗುತ್ತವೆ. ಬೈನಾಕ್ಯುಲರ್‌ನಲ್ಲೂ ಕಾಣುವ ಈ ಬಳೆಯನ್ನು ಅನೇಕರು ನೆರಳೆಂದು ತಿಳಿಯುತ್ತಾರೆ. ಅದು ಅಂಚಿನ ಹೊರಗೆ ಬಿದ್ದ, ಗಾಜಿನ ಅಂಶ ಹೆಚ್ಚಿರುವ ಕರಗುಶಿಲೆಯ ಬಣ್ಣ.

ಆ ಹೊರಗಿನ ನೆಲದ ಮೇಲೆ ಒಂದು ನೌಕೆ ಇಳಿದು ಕೆಲಸ ಮಾಡಿದೆ. ಸರ್ವೇಯರ್ ಸರಣಿಯ ಹಿಂದಿನ ನೌಕೆಗಳು ಅಪೊಲೊ ಇಳಿಯಲು ಸುರಕ್ಷಿತ ಬಯಲುಗಳನ್ನು ಪರೀಕ್ಷಿಸಿ ಮುಗಿಸಿದ್ದರಿಂದ ಕೊನೆಯದಾದ ಸರ್ವೇಯರ್ 7ಕ್ಕೆ ಕೇವಲ ವಿಜ್ಞಾನದ ದೃಷ್ಟಿಯಿಂದ ಜಾಗ ಆರಿಸುವ ಸ್ವಾತಂತ್ರ್ಯ ಸಿಕ್ಕಿತು, ಅದು 1968ರ ಜನವರಿ 10ರಂದು ಟೈಕೊದ ಅಂಚಿನಿಂದ ಸುಮಾರು 30 ಕಿ.ಮೀ. ಉತ್ತರಕ್ಕೆ, ಬಂಡೆಗಳ ನಡುವೆ ಇಳಿಯಿತು. ಮಣ್ಣಿನ ರಾಸಾಯನಿಕ ವಿಶ್ಲೇಷಣೆ ಮಾಡಬೇಕಿದ್ದ ಉಪಕರಣ ನೆಲಕ್ಕಿಳಿಯದೆ ಸಿಕ್ಕಿಹಾಕಿಕೊಂಡಾಗ ಮಣ್ಣು ತೋಡಲೆಂದು ಇಟ್ಟಿದ್ದ ಯಾಂತ್ರಿಕ ಕೈಯಿಂದಲೇ ಅದನ್ನು ಒತ್ತಿ ಕೆಳಗಿಳಿಸಲಾಯಿತು. ಅದು ಕೊಟ್ಟ ಫಲಿತಾಂಶ ಮಹತ್ವದ್ದು: ಕಪ್ಪು ಬಯಲುಗಳ ಬಸಾಲ್ಟ್ ಎಂಬ ಲಾವಾ ಶಿಲೆಗೆ ಹೋಲಿಸಿದರೆ ಇಲ್ಲಿನ ಮಣ್ಣಿನಲ್ಲಿ ಕಬ್ಬಿಣ ಕಡಿಮೆ, ಅಲ್ಯೂಮಿನಿಯಮ್ ಹೆಚ್ಚು. ಎತ್ತರನಾಡು ಬೇರೆಯೇ ಶಿಲೆಯಿಂದಾದದ್ದೆಂದು ನೆಲದ ಮೇಲೆ ನಿಂತು ಹೇಳಿದ ಮೊದಲ ಮಾಪನ ಅದು.

ಈಗ ಗೆರೆಗಳು. ಕುಳಿ ತೆರೆದುಕೊಳ್ಳುವಾಗ ಹೊರಗೆ ಎಸೆಯಲ್ಪಟ್ಟ ಶಿಲೆಯ ಬಹುಪಾಲು ಅಂಚಿನ ಹತ್ತಿರವೇ ದಪ್ಪನೆಯ ಕಂಬಳಿಯಂತೆ ಬೀಳುತ್ತದೆ. ಅತಿ ವೇಗದಲ್ಲಿ ಹೊರಟ ಸಣ್ಣ ಪಾಲು ಮಾತ್ರ ದೂರ ಹೋಗುತ್ತದೆ, ಮತ್ತು ಚಂದ್ರನಲ್ಲಿ ಅದನ್ನು ತಡೆಯಲು ಗಾಳಿಯಿಲ್ಲ. ಟೈಕೊದ ಗೆರೆಗಳು 1,500 ಕಿ.ಮೀ. ಮತ್ತು ಅದಕ್ಕೂ ದೂರ ಹೋಗಿವೆ. ಅಷ್ಟು ದೂರ ಬೀಳಲು ಕಲ್ಲು ಸೆಕೆಂಡಿಗೆ ಸುಮಾರು 1.3 ಕಿ.ಮೀ. ವೇಗದಲ್ಲಿ ಹೊರಡಬೇಕು, ಅದು ನಲವತ್ತೈದು ಡಿಗ್ರಿ ಕೋನದಲ್ಲಿ ಹೊರಟಿತೆಂದು ಇಟ್ಟುಕೊಂಡು ಲೆಕ್ಕ ಹಾಕಿದರೆ ಅರ್ಧ ಗಂಟೆಗೂ ಹೆಚ್ಚು ಕಾಲ ಆಕಾಶದಲ್ಲಿ ಇರುತ್ತದೆ. ನಡುಬೆಟ್ಟ ಎದ್ದು ನಿಂತು, ಗೋಡೆಗಳು ಕುಸಿದು ಮುಗಿದ ಮೇಲೂ ಗೆರೆಗಳ ತುದಿಯಾಗಬೇಕಿದ್ದ ಕಲ್ಲುಗಳು ಇನ್ನೂ ಹಾರುತ್ತಲೇ ಇದ್ದವು. ಕುಳಿಯ ಅತ್ಯಂತ ಹೊರಗಿನ ಭಾಗವೇ ಕೊನೆಗೆ ಪೂರ್ಣವಾಯಿತು ಎಂದಾಯಿತು.

ಗೆರೆ ಎಂದರೆ ಸುಣ್ಣ ಬಳಿದ ಪಟ್ಟೆಯಲ್ಲ. ದೂರ ಬಿದ್ದ ಕಲ್ಲುಗಳು ತಾವೂ ಅಪ್ಪಳಿಸಿ ಮರಿಕುಳಿಗಳನ್ನು ತೋಡಿ ಸ್ಥಳದ ಮಣ್ಣನ್ನು ಕೆದಕಿ ಎಬ್ಬಿಸಿದವು. ಆದ್ದರಿಂದ ಗೆರೆಯಲ್ಲಿರುವುದು ಟೈಕೊದಿಂದ ಬಂದ ಪುಡಿ ಮತ್ತು ಅಲ್ಲೇ ಮೇಲೆ ಬಂದ ಹೊಸ ಮಣ್ಣು ಎರಡರ ಮಿಶ್ರಣ. ಅದು ಬೆಳ್ಳಗಿರುವುದಕ್ಕೂ ಎರಡು ಕಾರಣ ಸೇರಿವೆ. ಕಪ್ಪು ಲಾವಾ ಬಯಲಿನ ಮೇಲೆ ಬಿದ್ದ ಎತ್ತರನಾಡಿನ ಪುಡಿ ತನ್ನ ಶಿಲೆಯ ಬಣ್ಣದಿಂದಲೇ ಬಿಳಿಯಾಗಿ ಕಾಣುತ್ತದೆ. ಅದಕ್ಕಿಂತ ಮುಖ್ಯವಾದದ್ದು ವಯಸ್ಸು: ಚಂದ್ರನ ಮೇಲ್ಮಣ್ಣು ಸೌರಮಾರುತಕ್ಕೂ ಧೂಳಿನ ಕಣದಷ್ಟು ಸಣ್ಣ ಉಲ್ಕೆಗಳ ಸುರಿಮಳೆಗೂ ಒಡ್ಡಿಕೊಂಡು, ಅದರ ಕಣಗಳ ಮೇಲೆ ಅತಿ ಸೂಕ್ಷ್ಮ ಕಬ್ಬಿಣದ ಲೇಪ ಕೂತು, ನಿಧಾನವಾಗಿ ಕಪ್ಪಾಗುತ್ತ ಹೋಗುತ್ತದೆ. ಗೆರೆಗಳು ಇನ್ನೂ ಹಾಗೆ ಮುಪ್ಪಾಗಿಲ್ಲದ ಮಣ್ಣು. ಚಂದ್ರನಲ್ಲಿ ಒಂದು ಕಾಲಕ್ಕೆ ಗೆರೆಯಿದ್ದ ಕುಳಿಗಳು ಅಸಂಖ್ಯಾತವಾಗಿರಬೇಕು, ಈಗ ಗೆರೆ ಉಳಿದಿರುವುದು ಹೊಸಬರಿಗೆ ಮಾತ್ರ.

ಗೆರೆಗಳ ಹರವನ್ನು ಗಮನಿಸಿದರೆ ಅದು ಎಲ್ಲ ಕಡೆ ಸಮವಾಗಿಲ್ಲ, ಪಶ್ಚಿಮದ ಕಡೆ ದೊಡ್ಡದೊಂದು ಖಾಲಿ ಜಾಗವಿದೆ. ಪ್ರಯೋಗಾಲಯಗಳಲ್ಲಿ ಓರೆಯಾಗಿ ಗುಂಡು ಹಾರಿಸಿ ಮಾಡಿದ ಕುಳಿಗಳಲ್ಲೂ ಗುಂಡು ಬಂದ ದಿಕ್ಕಿನಲ್ಲಿ ಇಂಥದೇ ಖಾಲಿ ಜಾಗ ಉಳಿಯುತ್ತದೆ. ಕುಳಿ ದುಂಡಗಿದ್ದರೂ ಕ್ಷುದ್ರಗ್ರಹ ಪಶ್ಚಿಮದ ಕಡೆಯಿಂದ ಓರೆಯಾಗಿ ಬಂದಿತೆಂಬ ಸುಳಿವನ್ನು ಗೆರೆಗಳು ಹೀಗೆ ಕಾಪಾಡಿಕೊಂಡಿವೆ.

ಹಾಗಾದರೆ ಗೆರೆಗಳು ಒಮ್ಮೆ ಕಂಡು ಒಮ್ಮೆ ಮರೆಯಾಗುವುದೇಕೆ? ಗೆರೆಗೆ ಎತ್ತರವಿಲ್ಲ, ಬಣ್ಣ ಮಾತ್ರ ಇದೆ; ಗೋಡೆಗೆ ಎತ್ತರವಿದೆ, ಸುತ್ತಲಿಗಿಂತ ಹೆಚ್ಚು ಬೇರೆ ಬಣ್ಣವಿಲ್ಲ. ಸೂರ್ಯ ದಿಗಂತದಲ್ಲಿರುವಾಗ ಪ್ರತಿಯೊಂದು ದಿಣ್ಣೆಯೂ ಉದ್ದ ನೆರಳು ಚೆಲ್ಲಿ ಎತ್ತರಗಳು ಎದ್ದು ಕಾಣುತ್ತವೆ, ಆ ನೆರಳು-ಬೆಳಕಿನ ಗದ್ದಲದಲ್ಲಿ ಬಣ್ಣದ ಸಣ್ಣ ವ್ಯತ್ಯಾಸ ಮುಚ್ಚಿಹೋಗುತ್ತದೆ. ಹುಣ್ಣಿಮೆಯಂದು ಇದಕ್ಕೆ ತದ್ವಿರುದ್ಧ. ಆಗ ಸೂರ್ಯ ಚಂದ್ರನ ನೆತ್ತಿಯ ಮೇಲೆ ಇರುವುದರಿಂದ ನೆರಳಿಲ್ಲ ಎಂದು ಬರೆಯುವುದುಂಟು, ಟೈಕೊದ ಮಟ್ಟಿಗೆ ಅದು ಸರಿಯಲ್ಲ. ಆ ಅಕ್ಷಾಂಶದಲ್ಲಿ ನಡುಹಗಲಲ್ಲೂ ಸೂರ್ಯ ನಲವತ್ತೇಳು ಡಿಗ್ರಿಯ ಆಸುಪಾಸಿಗಿಂತ ಮೇಲೇರುವುದಿಲ್ಲ. ನೆರಳುಗಳು ಇರುತ್ತವೆ, ಆದರೆ ನಾವು ನೋಡುವ ದಿಕ್ಕೂ ಬಿಸಿಲು ಬರುವ ದಿಕ್ಕೂ ಒಂದೇ ಆಗಿರುವುದರಿಂದ ಪ್ರತಿ ವಸ್ತುವೂ ತನ್ನ ನೆರಳನ್ನು ತಾನೇ ಮರೆಮಾಡುತ್ತದೆ. ಎತ್ತರದ ಸುಳಿವು ಅಳಿಸಿ, ಬಣ್ಣ ಮಾತ್ರ ಉಳಿಯುತ್ತದೆ.

ವಯಸ್ಸಿನ ಮಾತು ಬಂದದ್ದರಿಂದ ಅದನ್ನೂ ಹೇಳಬೇಕು. ಟೈಕೊಗೆ ಸುಮಾರು 10.8 ಕೋಟಿ ವರ್ಷ ಎಂದು ಪುಸ್ತಕಗಳು ಹೇಳುತ್ತವೆ; ಭೂಮಿಯಲ್ಲಿ ಆಗ ಡೈನೋಸಾರ್‌ಗಳ ಕಾಲ. ಆದರೆ ಟೈಕೊದಿಂದ ಯಾರೂ ಕಲ್ಲು ತಂದಿಲ್ಲ. ಈ ಅಂಕಿ ಬಂದದ್ದು ಅಲ್ಲಿಂದ 2,200 ಕಿ.ಮೀ.ಗೂ ದೂರದ ಟಾರಸ್-ಲಿಟ್ರೋ ಕಣಿವೆಯಿಂದ. 1972ರ ಡಿಸೆಂಬರ್‌ನಲ್ಲಿ ಅಪೊಲೊ 17ರ ಯಾತ್ರಿಗಳಾದ ಯುಜೀನ್ ಸರ್ನನ್ ಮತ್ತು ಭೂವಿಜ್ಞಾನಿ ಹ್ಯಾರಿಸನ್ ಷ್ಮಿಟ್ ಅಲ್ಲಿಂದ ತಂದ ಮಾದರಿಗಳಲ್ಲಿ ಒಂದು ಬೆಟ್ಟದಿಂದ ಜಾರಿದ ಬಿಳಿಮಣ್ಣೂ ಕಣಿವೆಯ ಗುಂಪುಕುಳಿಗಳ ಮಣ್ಣೂ ಇದ್ದವು. ಆಳದಲ್ಲಿ ಹೂತಿದ್ದ ಕಲ್ಲು ಬಯಲಿಗೆ ಬಂದ ಕ್ಷಣದಿಂದ ಕಾಸ್ಮಿಕ್ ಕಿರಣಗಳು ಅದರೊಳಗೆ ನಿಯಾನ್, ಆರ್ಗಾನ್ ಮುಂತಾದ ಅನಿಲಗಳ ವಿಶಿಷ್ಟ ಐಸೊಟೋಪ್‌ಗಳನ್ನು ಕೂಡಿಹಾಕುತ್ತ ಹೋಗುತ್ತವೆ. ಅವನ್ನು ಅಳೆದರೆ ಕಲ್ಲು ಬಿಸಿಲು ಕಂಡು ಎಷ್ಟು ಕಾಲವಾಯಿತೆಂದು ತಿಳಿಯುತ್ತದೆ. ಗುಂಪುಕುಳಿಗಳು ಟೈಕೊದಿಂದ ಹಾರಿಬಂದ ಕಲ್ಲುಗಳ ಮರಿಕುಳಿಗಳು, ಭೂಕುಸಿತವೂ ಅದೇ ಪೆಟ್ಟಿನ ಫಲ ಎಂದು ಒಪ್ಪಿದರೆ ಆ ಕಾಲವೇ ಟೈಕೊದ ಹುಟ್ಟಿನ ಕಾಲ. ಭೂಕುಸಿತಕ್ಕೆ ಟೈಕೊ ಒಂದೇ ಕಾರಣವೇ ಎಂಬ ಚರ್ಚೆ ಇನ್ನೂ ನಡೆಯುತ್ತಿದೆ. ಹಾಗಾಗಿ ಈ ಅಂಕಿಯನ್ನು ಜನ್ಮಪತ್ರವೆಂದು ತಿಳಿಯದೆ, ಚೆನ್ನಾಗಿ ಆಧಾರವಿರುವ ಊಹೆಯೆಂದು ತಿಳಿಯುವುದು ಸೂಕ್ತ. ಬೇರೆ ಗುರುತುಗಳೆಲ್ಲ ಅದಕ್ಕೆ ಹೊಂದುತ್ತವೆ: ಟೈಕೊದ ಮೇಲೆ ಆನಂತರ ಬಿದ್ದ ಕುಳಿಗಳು ತೀರ ಕಡಿಮೆ, ಮೆಟ್ಟಿಲುಗಳ ಅಂಚು ಇನ್ನೂ ಚೂಪಾಗಿವೆ. 1960ರ ಚಂದ್ರಗ್ರಹಣದ ವೇಳೆ ಅವಗೆಂಪು ಕಿರಣಗಳ ಮಾಪನದಲ್ಲಿ ಟೈಕೊ ಸುತ್ತಲಿನ ನೆಲಕ್ಕಿಂತ ಬೆಚ್ಚಗಿರುವುದು ಕಂಡುಬಂದದ್ದಕ್ಕೂ ಇದೇ ಕಾರಣ. ಪುಡಿಮಣ್ಣು ಬೇಗ ತಣಿಯುತ್ತದೆ, ಬಂಡೆ ಶಾಖವನ್ನು ಹಿಡಿದಿಟ್ಟುಕೊಳ್ಳುತ್ತದೆ. ಟೈಕೊದ ಬಂಡೆಗಳು ಇನ್ನೂ ಪುಡಿಯಾಗಿಲ್ಲ.

ಹೋಲಿಕೆಗೆ ಪಕ್ಕದ ಕ್ಲೇವಿಯಸ್ ಅಥವಾ ಮ್ಯಾಜಿನಸ್ ಕುಳಿಯನ್ನು ನೋಡಿ. ಅವುಗಳ ಗೋಡೆ ಸವೆದು ದಿಣ್ಣೆಯಾಗಿದೆ, ಅಂಚಿನ ಮೇಲೂ ತಳದ ಮೇಲೂ ಹೊಸ ಕುಳಿಗಳು ಕೂತಿವೆ, ಗೆರೆಯ ಹೆಸರಿಲ್ಲ. ಗಾಳಿ ನೀರುಗಳಿಲ್ಲದ ಚಂದ್ರನಲ್ಲಿ ಸವೆತ ಇಲ್ಲವೆಂಬ ಮಾತು ಅರ್ಧ ಸತ್ಯ; ಅಲ್ಲಿ ಸವೆಸುವುದು ಮತ್ತೆ ಮತ್ತೆ ಬೀಳುವ ಕಲ್ಲುಗಳೇ, ಆದರೆ ಕೋಟಿಗಟ್ಟಲೆ ವರ್ಷಗಳ ನಿಧಾನದಲ್ಲಿ.

ಹೆಸರಿನ ಬಗ್ಗೆ ಒಂದು ಮಾತು. 1651ರಲ್ಲಿ ಜೊವಾನ್ನಿ ರಿಚ್ಚೊಲಿ ಎಂಬ ಇಟಲಿಯ ಖಗೋಳವಿಜ್ಞಾನಿ ಚಂದ್ರನ ನಕ್ಷೆಗೆ ಹೆಸರುಗಳನ್ನು ಕೊಡುವಾಗ ಡೆನ್ಮಾರ್ಕಿನ ಟೈಕೊ ಬ್ರಾಹೆಗೆ ಈ ಕಣ್ಸೆಳೆಯುವ ಕುಳಿಯನ್ನು ಮೀಸಲಿಟ್ಟನು. ಬ್ರಾಹೆ ತೀರಿಕೊಂಡದ್ದು 1601ರಲ್ಲಿ, ದೂರದರ್ಶಕ ಬರುವ ಕೆಲವೇ ವರ್ಷಗಳ ಮೊದಲು. ತನ್ನ ಹೆಸರಿನ ಕುಳಿಯನ್ನು ಅವನು ಎಂದೂ ಕುಳಿಯಾಗಿ ಕಂಡವನಲ್ಲ.

ನಿಮ್ಮ ಸಣ್ಣ ದೂರದರ್ಶಕದಲ್ಲಿ ಇದನ್ನೆಲ್ಲ ನೋಡಲು ಒಂದು ಸಲಹೆ. ಶುಕ್ಲಪಕ್ಷದ ನವಮಿಯ ಹೊತ್ತಿಗೆ ಟೈಕೊದಲ್ಲಿ ಸೂರ್ಯೋದಯವಾಗುತ್ತದೆ. ತಳದಲ್ಲಿ ಕತ್ತಲಿದ್ದು ಬೆಟ್ಟದ ತುದಿ ಮಾತ್ರ ಬೆಳಗುವ ಸ್ಥಿತಿ ಹಲವು ಗಂಟೆಗಳ ಕಾಲ ಇರುತ್ತದೆ. ನೀವು ಕಂಡದ್ದು ಆ ಹೊತ್ತನ್ನೇ. ಆಗ ಬಿಸಿಲು ಪೂರ್ವದಿಂದ ಬೀಳುವುದರಿಂದ ಪಶ್ಚಿಮದ ಒಳಗೋಡೆಯ ಮೆಟ್ಟಿಲುಗಳು ಮಾತ್ರ ಬೆಳಗುತ್ತವೆ, ಪೂರ್ವದ ಗೋಡೆ ತನ್ನದೇ ನೆರಳಿನಲ್ಲಿರುತ್ತದೆ. ದಶಮಿ, ಏಕಾದಶಿಯಂದು ತಳದ ಒರಟುತನವೂ ಬೆಟ್ಟದ ನೆರಳೂ ಚೆನ್ನಾಗಿ ಕಾಣುತ್ತವೆ, ಗೆರೆಗಳೂ ಮೆಲ್ಲಗೆ ಮೂಡತೊಡಗುತ್ತವೆ. ಪೂರ್ವದ ಗೋಡೆಯ ಮೆಟ್ಟಿಲುಗಳನ್ನು ಅಷ್ಟೇ ಸ್ಪಷ್ಟವಾಗಿ ನೋಡಬೇಕೆಂದರೆ ಅಲ್ಲಿ ಸಂಜೆಯಾಗುವವರೆಗೆ, ಅಂದರೆ ಕೃಷ್ಣಪಕ್ಷದ ಅಷ್ಟಮಿ-ನವಮಿಯವರೆಗೆ ಕಾಯಬೇಕು. ಆ ದಿನಗಳಲ್ಲಿ ಚಂದ್ರ ಮಧ್ಯರಾತ್ರಿಯ ಹೊತ್ತಿಗೋ ಅದರ ನಂತರವೋ ಹುಟ್ಟುವುದರಿಂದ ಅಲಾರಂ ಇಟ್ಟುಕೊಂಡು ಬೆಳಗಿನ ಜಾವ ಎದ್ದು ನೋಡುವುದೇ ಅನುಕೂಲ.